ಕೋಲ್ಡ್ ಸ್ಟೋರೇಜಿನ ಚಿಗವ್ವ

ಇಳಕಲ್ ಸೀರೆಯ ಮೇಲೆ ಗಂಡಸರ ದಪ್ಪ ಸ್ವೆಟರು, ತಲೆಗೆ ಬಿಗಿದ ಮಫ್ಲರು, ಮಫ್ಲರಿನ ಸಂದಿಯಿಂದ ಇಳಿದು ಕೊರಳಿನ ಬಟ್ಟೆಚೀಲದೊಳಗೆ ಸೇರುವ ಒಂದು ಬಿಳಿ ವೈರು. ಚೀಲದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಕಿವಿ ಕೇಳಿಸುವ ಮಷೀನು. ಬ್ಯಾಡಗಿಯ ಏಪ್ರಿಲ್ ಬಿಸಿಲಲ್ಲಿ ಹಾಗೆ ಹೊದ್ದು ನಿಂತ ಹೆಂಗಸನ್ನು ಮೊದಲ ಸಲ ಕಂಡಾಗ ನನಗೆ ತಲೆಬುಡ ತಿಳಿಯಲಿಲ್ಲ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಆರು ಕೋಣೆಗಳೊಳಗೆ ದಿನಕ್ಕೆ ಮೂರು ಬಾರಿ ಹೋಗಿ, ಥರ್ಮಾಮೀಟರು ನೋಡಿ ಬರೆದಿಡುವುದು ಆಕೆಯ ಕೆಲಸವೆಂದು ಆಮೇಲೆ ಗೊತ್ತಾಯಿತು. ಹಮಾಲರಿಂದ ಮಾಲೀಕರವರೆಗೆ ಎಲ್ಲರೂ ಚಿಕ್ಕಮ್ಮನನ್ನು ಕರೆಯುವಂತೆ ಚಿಗವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಆಗ ರಾಣೆಬೆನ್ನೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಎರಡು ಸಾವಿರದ ಆರೋ ಏಳೋ ಇರಬೇಕು. ಕೋಣೆಯ ಉಷ್ಣತೆಯನ್ನು ವೈರಿಲ್ಲದೆ ಆಫೀಸಿನ ಕಂಪ್ಯೂಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆಗಳನ್ನು ಮಾಡಿದ್ದೆ. ಮಾಲೀಕರು ಆರು ಕೋಣೆಗೆ ಆರು ಹಾಕಿ ನೋಡಲು ಒಪ್ಪಿದರು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಇಡೀ ಹಂಗಾಮು ನಡೆಯುತ್ತದೆ ಎಂದಿದ್ದೆ. ನಡೆದದ್ದು ಒಂಬತ್ತು ದಿನ.

ಸೆಲ್ಲಿನ ಕಂಪನಿ ಬದಲಿಸಿದೆ. ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತಿದ್ದ ಪೆಟ್ಟಿಗೆ ಅರ್ಧ ತಾಸಿಗೊಮ್ಮೆ ಕಳಿಸುವಂತೆ ಮಾಡಿದೆ. ಹತ್ತನೆಯ ದಿನ ಮತ್ತೆ ಸತ್ತಿತ್ತು. ಮೂವತ್ತು ಪಟ್ಟು ಕಡಿಮೆ ಕೆಲಸ ಮಾಡಿಸಿದರೂ ಒಂದೇ ದಿನ ಹೆಚ್ಚು ಬಾಳುವುದೆಂದರೆ? ಬಸ್ಸಿನಲ್ಲಿ ಹೋಗುವಾಗ, ಬರುವಾಗ ಅದೇ ಯೋಚನೆ.

ಸೆಲ್ಲು ಬದಲಿಸಲು ಹೋದಾಗಲೆಲ್ಲ ಚಿಗವ್ವ ನನ್ನ ಕೂಡ ಒಳಗೆ ಬರುತ್ತಿದ್ದಳು. ಥಂಡಿಗೆ ಸೆಲ್ಲು ಲಗೂ ಸೋಲುತ್ತವೆಂದು ತನ್ನ ಮಷೀನಿನ ಸೆಲ್ಲನ್ನು ಆಗ ತೆಗೆದು ಸೊಂಟದ ಸಂಚಿಯಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದಳು. ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂದು ಒಂದು ದಿನ ಬಾಗಿಲ ಹೊರಗೆ ಕೂತು ಕೇಳಿದಳು. ನಾನು ಜೋರಾಗಿ ಹೇಳುತ್ತ ಹೋದೆ. ಆಕೆ ತಡೆದಳು.

“ಅರ್ಧ ತಾಸಿಗೊಮ್ಮೆ ಮಾತಾಡತೈತಿ ಅಂದಿ. ಉಳಿದ ಹೊತ್ತು ಏನ್ ಮಾಡತೈತಿ ತಮ್ಮಾ?”

“ಆಫೀಸಿನಿಂದ ಏನರ ಹೇಳ್ತಾರೇನೋ ಅಂತ ಕೇಳಿಸ್ಕೊಂತ ಕುಂತಿರತೈತಿ.”

“ಮತ್ತ ಸೆಲ್ ತೀರದ ಇನ್ನೇನಾಗತೈತಿ?” ಆಕೆ ಕೊರಳ ಚೀಲ ಮುಟ್ಟಿ ತೋರಿಸಿದಳು. “ನಾ ಎಷ್ಟ್ ಮಾತಾಡಿದ್ರೂ ಇದಕ್ಕ ಖರ್ಚಿಲ್ಲ. ಸುಮ್ನ ಕೇಳಿಸ್ಕೊಂತ ಕುಂತ್ರನ ಖರ್ಚು. ಅದಕ್ಕ ಒಳಗ ಹೋಗೂಮುಂದ ಬಂದ್ ಮಾಡ್ತೇನಿ. ಅಲ್ಲಿ ನನ್ನ ಕೂಡ ಯಾರ್ ಮಾತಾಡ್ತಾರ?”

ಕಳಿಸುವುದಕ್ಕೆ ಎಷ್ಟು ಖರ್ಚೆಂದು ಲೆಕ್ಕ ಹಾಕಿದ್ದೆನೇ ಹೊರತು ಕಾಯುವುದಕ್ಕೂ ಅಷ್ಟೇ ಖರ್ಚೆಂಬುದು ಹೊಳೆದೇ ಇರಲಿಲ್ಲ. ಎದ್ದು ತನ್ನ ಮಾತು ಹೇಳಿ, ಒಂದು ಗಳಿಗೆ ಉತ್ತರಕ್ಕೆ ಕಾದು, ಪೂರ್ತಿ ನಿದ್ದೆ ಹೋಗುವಂತೆ ಪ್ರೋಗ್ರಾಮು ತಿದ್ದಿದೆ. ತಿಂಗಳುಗಟ್ಟಲೆ ಸೆಲ್ಲು ಮುಟ್ಟುವ ಪ್ರಸಂಗ ಬರಲಿಲ್ಲ.

ಖುಷಿಯಲ್ಲಿದ್ದ ನನಗೆ ಮುಂದಿನದು ಕಾಣಲಿಲ್ಲ. ಕೋಣೆಯೊಳಗೆ ಹೋಗಿ ನೋಡುವವರು ಇನ್ನು ಬೇಡವೆಂದು ಮಾಲೀಕರು ಚಿಗವ್ವನನ್ನು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಂಗಳಕ್ಕೆ ಹಾಕಿದರು. ಘಾಟಿನಲ್ಲಿ ಕೆಮ್ಮುತ್ತ ಕೂತಿದ್ದವಳನ್ನು ನೋಡಿ ನಾನು ಮಾತಾಡಿಸದೆ ತಿರುಗಿ ಬಂದೆ.

ಮಳೆಗಾಲದಲ್ಲಿ ನಾಲ್ಕನೆಯ ಕೋಣೆಯ ಪೆಟ್ಟಿಗೆ ಮಲಗಿದ್ದು ಏಳಲೇ ಇಲ್ಲ. ಕಂಪ್ಯೂಟರು ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ಒಳಗೆ ತಂಪು ಯಂತ್ರ ನಿಂತಿತ್ತು. ನೀರು ಕುಡಿಯಲು ಬಂದ ಚಿಗವ್ವ ಹೋಗುವಾಗ ಬಾಗಿಲಿಗೆ ಅಂಗೈ ಇಟ್ಟು ನೋಡಿ, ಥಂಡಿಯಿಲ್ಲವೆಂದು ಮಾಲೀಕರಿಗೆ ತಿಳಿಸಿದಳಂತೆ. ಚೀಲಗಳನ್ನು ಬೇರೆ ಕೋಣೆಗೆ ಸಾಗಿಸಿ ಮಾಲು ಉಳಿಸಿದರು. ನಾನು ಓಡಿಬಂದಾಗ ಮಾಲೀಕರು ಪೆಟ್ಟಿಗೆಗಳನ್ನು ಕಿತ್ತುಕೊಂಡು ಹೋಗಲು ಹೇಳಿದರು. ಆಗಲೂ ಚಿಗವ್ವ ನಡುವೆ ಬಂದಳು.

“ಪೆಟ್ಟಿಗಿನೂ ಇರಲಿರಿ, ನೋಡಾವ್ರೂ ಇರಲಿ. ಒಬ್ಬರ ಮ್ಯಾಲ ಬಿಟ್ಟು ಕುಂದ್ರಬ್ಯಾಡ್ರಿ.”

ದಿನಕ್ಕೆ ಎರಡು ಸುತ್ತಿನ ಕೆಲಸ ಆಕೆಗೆ ತಿರುಗಿ ಸಿಕ್ಕಿತು. ಪ್ರತಿ ಪೆಟ್ಟಿಗೆಯಿಂದ ಕೊನೆಯ ಸುದ್ದಿ ಎಷ್ಟು ಹೊತ್ತಿಗೆ ಬಂತೆಂದು ಕಂಪ್ಯೂಟರು ತೋರಿಸುವಂತೆ ನಾನು ಮಾಡಿದೆ. ಇವತ್ತಿಗೂ ನಾನು ಮಾಡುವ ಯಾವ ಯಂತ್ರವೂ ಆ ವೇಳೆಯನ್ನು ತೋರಿಸದೆ ಹೊರಗೆ ಹೋಗುವುದಿಲ್ಲ.

ಅದೇ ವರ್ಷ ಧೈರ್ಯ ಮಾಡಿ ಚಿಗವ್ವನನ್ನು ಕೇಳಿದೆ: ಅವತ್ತು ನನಗೆ ದಾರಿ ತೋರಿಸುವಾಗ, ತನ್ನ ಕೆಲಸ ಹೋಗುತ್ತದೆಂದು ಗೊತ್ತಿತ್ತೇ?

“ಗೊತ್ತಿತ್ತು,” ಎಂದಳು. “ವಾರಾ ವಾರಾ ಮಾರಿ ಸಣ್ಣದ ಮಾಡ್ಕೊಂಡು ಬರ್ತಿದ್ದಿ. ನೋಡಾಕ ಆಗ್ಲಿಲ್ಲ.”

ಎರಡು ವರ್ಷದ ನಂತರ ಜ್ವರದಲ್ಲಿ ಚಿಗವ್ವ ತೀರಿಕೊಂಡಳು. ನನಗೆ ಸುದ್ದಿ ತಲುಪಿ ಬ್ಯಾಡಗಿಗೆ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮಗಳ ಮುಂದೆ ಕೂತು, ನಿಮ್ಮವ್ವ ನನಗೆ ದೊಡ್ಡ ಉಪಕಾರ ಮಾಡಿದ್ದಳು ಎಂದೆ. ಏನು ಉಪಕಾರ ಎಂದು ಆಕೆ ಕೇಳಿದಳು. ಒಬ್ಬ ಹೊರಗಿನವನ ಸಪ್ಪೆ ಮುಖ ನೋಡಲಾರದೆ ಯಾರಾದರೂ ತಮ್ಮ ಅನ್ನ ಬಿಟ್ಟುಕೊಡುತ್ತಾರೆಯೇ? ಅದು ನನಗೇ ತಿಳಿಯದಿರುವಾಗ ಮಗಳಿಗೆ ಏನು ಹೇಳಲಿ? ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.