ಹೊಸ್ತಿಲಾಚೆ ಇಟ್ಟ ಬಂದೂಕು

ನಮ್ಮ ಮಾಸ್ತರ ಎಡಹುಬ್ಬು ಬಲಗಡೆಯದಕ್ಕಿಂತ ತುಸು ಮೇಲೇ ಇರುತ್ತಿತ್ತು. ಅನುಮಾನ ಬಂದಾಗ ಅದು ಇನ್ನೂ ಏರಿ, ಹಣೆಯ ಮೇಲಿನ ಅಂಗಾರದ ಗೆರೆಯನ್ನು ಸೊಟ್ಟ ಮಾಡುತ್ತಿತ್ತು. ಅನುಮಾನ ಅವರಿಗೆ ಎಲ್ಲದರ ಮೇಲೂ ಬರುತ್ತಿತ್ತು. ಮನೆಯಿಂದ ತಾವೇ ತುಂಬಿ ತಂದ ಬಾಟಲಿಯ ನೀರನ್ನೂ ಮೂಸಿ ನೋಡಿಯೇ ಕುಡಿಯುವರು. ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಜಗ್ಗುವರು.

ದೇವದುರ್ಗದ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ಒಮ್ಮೆ ಪರೀಕ್ಷೆಯಲ್ಲಿ ಬಂದ ಕಠಿಣ ಲೆಕ್ಕವೊಂದನ್ನು ಇಡೀ ಕ್ಲಾಸಿನಲ್ಲಿ ನಾನೊಬ್ಬನೇ ಬಿಡಿಸಿದ್ದೆ. ಹೊಲದ ಕೆಲಸಕ್ಕೆಂದು ಆಗಾಗ ಶಾಲೆ ತಪ್ಪಿಸುತ್ತಿದ್ದವನು ನಾನು. ಶಹಬ್ಬಾಸ್ ಅಂದಾರು ಎಂದು ಕಾದೆ. ಹುಬ್ಬು ಏರಿತು. "ಉತ್ತರ ಸರಿ ಅದ. ಅದಕ್ಕ ಅನುಮಾನ," ಅಂದರು. ಬೋರ್ಡಿನ ಮೇಲೆ ಎಲ್ಲರೆದುರು ಮತ್ತೆ ಬಿಡಿಸಲು ಹಚ್ಚಿದರು. ಬಿಡಿಸಿದೆ. ಆಗ ಸೀಮೆಸುಣ್ಣವನ್ನು ನನ್ನ ಕೈಯಲ್ಲೇ ಬಿಟ್ಟು, ಮುಂದಿನ ಲೆಕ್ಕವನ್ನು ಇವರಿಗೆಲ್ಲ ನೀನೇ ಹೇಳಿಕೊಡು ಎಂದು ಹೇಳಿ, ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಬಿಟ್ಟರು. ಅದಕ್ಕೂ ಮೊದಲು ನನ್ನನ್ನು ಅಷ್ಟು ದೊಡ್ಡವನನ್ನಾಗಿ ಯಾರೂ ಮಾಡಿರಲಿಲ್ಲ.

ಮುಂದೆ ನಾನು ರಾಯಚೂರಿನಲ್ಲಿ ಕಂಪ್ಯೂಟರ್ ಗೇಮಿನ ಅಂಗಡಿ ಇಟ್ಟೆ. ಅವರು ರಿಟೈರಾಗಿ ಮಾನ್ವಿಯ ತಮ್ಮ ಮನೆಗೆ ಹೋಗಿದ್ದರು. ಈಚೆಗೆ ಒಂದು ಬೇಸಿಗೆಯಲ್ಲಿ, ಸುಡುಸುಡು ಮಧ್ಯಾಹ್ನ, ಮಾನ್ವಿ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಆಡುವುದಿಲ್ಲ, ಸುಮ್ಮನೆ ನೋಡುತ್ತೇನೆ ಅಂದರು. ಮರುವಾರ ಮತ್ತೆ ಬಂದರು. ಆಮೇಲೆ ಬರುತ್ತಲೇ ಇದ್ದರು.

ಈಗ ಅನುಮಾನ ಪಡುವ ಸರದಿ ನನ್ನದು. ಸಂಧ್ಯಾವಂದನೆ ತಪ್ಪಿಸದ ಮನುಷ್ಯನಿಗೆ ಗುಂಡು ಹಾರಿಸುವ ಆಟದ ಮುಂದೆ ಏನು ಕೆಲಸ? ಆಡಲು ಬರುವ ಹುಡುಗರ ತಂದೆತಾಯಿಗಳು ಯಾರೋ ಕಳಿಸಿರಬೇಕು, ಅಂಗಡಿ ಮುಚ್ಚಿಸುವ ಉಪಾಯ ಇದು ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನು ನನ್ನ ತಲೆಗೆ ಹುಳ ಬಿಟ್ಟ. ನಾನು ಕುರ್ಚಿ ಒರೆಸಿ ಕೂಡಿಸುತ್ತಿದ್ದೆ, ಜೊತೆಗೆ ಒಂದು ಕಣ್ಣನ್ನು ಅವರ ಮೇಲೆಯೇ ಇಟ್ಟಿರುತ್ತಿದ್ದೆ.

ಅವರ ಪ್ರಶ್ನೆಗಳೂ ವಿಚಿತ್ರವಾಗಿದ್ದವು. ಎಲ್ಲ ಆಟದಲ್ಲೂ ಕಾಡು, ಹಸಿವು, ಬಂದೂಕು ಇವೆಯಲ್ಲ, ಒಂದಕ್ಕೂ ಇನ್ನೊಂದಕ್ಕೂ ಫರಕು ಏನು ಎಂದು ಕೇಳುವರು. ಒಂದರಲ್ಲಿ ವಿಮಾನದಿಂದ ಜಿಗಿದು ಹೊಡೆದಾಡುತ್ತಾರೆ, ಒಬ್ಬ ಉಳಿದರೆ ಮುಗಿಯಿತು, ಎಲ್ಲ ಹೊಸದಾಗಿ ಶುರು. ಅದು ಬೇಡ ಅಂದರು. ಇನ್ನೊಂದರಲ್ಲಿ ಸತ್ತವರು ಎದ್ದು ಬೆನ್ನು ಹತ್ತುತ್ತಾರೆ, ಮನೆ ಕಟ್ಟಿಕೊಳ್ಳಬಹುದು, ಆದರೆ ಆಡುವವನು ಒಬ್ಬನೇ. ಅದೂ ಬೇಡ. ಊರೂರಿನ ಜನ ಒಂದೇ ಕಾಡಿನಲ್ಲಿ ಮನೆ ಕಟ್ಟಿಕೊಂಡು ಆಡುವ ಮೂರನೆಯದನ್ನು ತೋರಿಸಿದಾಗ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಕಂಪ್ಯೂಟರ್ ಬಂದ್ ಮಾಡಿದ ಮ್ಯಾಲೂ ಮನಿ ಇರ್ತದೇನು?"

"ಇರ್ತದ್ರಿ ಸರ್. ಆದ್ರ ಆಗಾಗ ಬಂದು ಮನಿಯೊಳಗಿನ ಪೆಟ್ಟಿಗ್ಯಾಗ ಕಟ್ಟಿಗಿ ತುಂಬಬೇಕ್ರಿ. ಇಲ್ಲಾಂದ್ರ ಮನಿ ತಾನ ಬೀಳ್ತದ."

ಅವರು ಬಾಟಲಿ ತೆಗೆದು, ಮೂಸುವುದನ್ನೂ ಮರೆತು ಕುಡಿದರು. ಆಮೇಲೆ ವಿಷಯ ಹೊರಬಿತ್ತು. ಮಗಳು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಒಮ್ಮೆ ಹೆಚ್ಚಿನ ಡ್ಯೂಟಿ ಇದೆ, ಊರಿಗೆ ಬರಲಾಗದು ಅಂದಿದ್ದಕ್ಕೆ ಇವರು ಬಸ್ಸು ಹತ್ತಿ ಹೋಗಿ, ಆಕೆ ನಿಜವಾಗಿ ಒಳಗಿದ್ದಾಳೋ ಇಲ್ಲವೋ ಎಂದು ಗೇಟಿನವನನ್ನು ವಿಚಾರಿಸಿದ್ದರು. ಮಗಳು ಅದನ್ನು ಕಿಟಕಿಯಿಂದ ನೋಡಿದ್ದಳು. ಅಂದಿನಿಂದ ಅಪ್ಪನ ಜೊತೆ ಮಾತು ಬಂದ್. ತಾಯಿಗೆ ಮಾತ್ರ ಫೋನು. ಒಂದು ಸಲ, ನದಿ ದಂಡೆಗೆ ಮನೆ ಕಟ್ಟಿದ್ದೇನೆ, ಕಟ್ಟಿಗೆ ಒಟ್ಟಬೇಕು, ಆಮೇಲೆ ಮಾತಾಡುತ್ತೇನೆ ಅಂದಳಂತೆ. ಮಗಳು ಮನೆ ಕಟ್ಟಿಸಿದಳೆಂದು ತಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದರೆ, ಮಾಸ್ತರು ಹುಬ್ಬಳ್ಳಿಯಲ್ಲಿ ನದಿ ಎಲ್ಲಿದೆ ಎಂದು ಹುಬ್ಬೇರಿಸಿದರು. ಮುಂದಿನ ಫೋನಿನಲ್ಲಿ, ಅದು ಕಂಪ್ಯೂಟರಿನ ಬಂದೂಕಿನ ಆಟದೊಳಗಿನ ಮನೆ ಎಂದು ತಾಯಿಗೆ ಗೊತ್ತಾಯಿತು. ಯಾವ ಆಟವೆಂದು ತಾಯಿ ಕೇಳಿದರೆ, ಅಪ್ಪ ಕೇಳಿಸಿದ್ದೆಂದು ಮಗಳು ತಿಳಿಯುತ್ತಾಳೆ. ಅದಕ್ಕೇ ಅವರು ನನ್ನ ಅಂಗಡಿಗೆ ಬಂದದ್ದು.

ಆ ಮೂರನೆಯ ಆಟದಲ್ಲಿ, ನಮ್ಮ ಕಡೆಯವರು ಹೆಚ್ಚಾಗಿ ಕೂಡಿ ಆಡುವ ಒಂದು ಸರ್ವರಿನಲ್ಲಿ ಆಕೆಯನ್ನು ಹುಡುಕಿದೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಆಕೆ ಆಟದಲ್ಲೂ ಇಟ್ಟುಕೊಂಡಿದ್ದಳು. ಆ ಹೆಸರು ಕಂಡಾಗ ಮಾಸ್ತರು ಕನ್ನಡಕ ತೆಗೆದು ಒರೆಸಿದರು.

ಕೀಬೋರ್ಡಿನ ಬಾಣದ ಗುಂಡಿ ಒತ್ತಲು, ಮೌಸು ತಿರುಗಿಸಲು ಕಲಿಸಿದೆ. ಮೈಕಿನಲ್ಲಿ ಮಾತಾಡಿ ಸರ್ ಅಂದರೆ ಒಪ್ಪಲಿಲ್ಲ. "ನನ್ನ ದನಿ ಕೇಳಿದ್ರ ಇದನ್ನೂ ಬಿಟ್ಟು ಹೋಗ್ತಾಳ," ಅಂದರು. ಒಂದು ರವಿವಾರ ಅವರು ನದಿ ದಾಟಿ ಆಕೆಯ ಮನೆಯ ಬಾಗಿಲಿಗೆ ಹೋದರು. ನಾನು ಹಿಂದೆ ನಿಂತಿದ್ದೆ. ಹೊಸ್ತಿಲ ಬಳಿ ನಿಂತು, ಚಪ್ಪಲಿ ಬಿಟ್ಟ ಹಾಗೆ, ತಮ್ಮ ಬಂದೂಕನ್ನು ಕೆಳಗಿಟ್ಟರು. ಬೇಡ ಸರ್ ಎನ್ನುವಷ್ಟರಲ್ಲಿ ತಡವಾಗಿತ್ತು. ಆ ಆಟದಲ್ಲಿ ಬಾಗಿಲ ಮುಂದೆ ಬಿದ್ದ ಬಂದೂಕೆಂದರೆ ಗಾಳ. ಎತ್ತಿಕೊಳ್ಳಲು ಬಂದವರನ್ನು ಮರೆಯಿಂದ ಹೊಡೆಯುತ್ತಾರೆ. ಬಾಗಿಲು ಒಂದಿಷ್ಟು ತೆರೆಯಿತು, ಗುಂಡು ಹಾರಿತು. ಮಾಸ್ತರ ಪರದೆ ಕೆಂಪಾಯಿತು.

ಅವರು ಮೌಸಿನಿಂದ ಕೈ ತೆಗೆದು, ಮೆಲ್ಲಗೆ ಹೇಳಿದರು:

"ಸರಿ ಮಾಡ್ಯಾಳ. ಬಾಗ್ಲಿಗೆ ಬಂದವ್ರನ್ನ ನಂಬಬ್ಯಾಡ ಅಂತ ನಾನ ಕಲಿಸೀನಿ."

ಆಟದಲ್ಲಿ ಮತ್ತೆ ಹುಟ್ಟಿ ಬಂದರೂ ಅವರು ಆ ದಂಡೆಗೆ ಹೋಗಲಿಲ್ಲ. ಎದುರು ದಂಡೆಯಲ್ಲಿ, ಆಕೆಯ ಕಿಟಕಿಯ ಬೆಳಕು ಕಾಣುವಂತೆ ಒಂದು ಕೋಣೆಯ ಮನೆ ಕಟ್ಟಿದರು. ಪ್ರತಿ ರವಿವಾರ ಬಂದು ಕಟ್ಟಿಗೆ ಒಟ್ಟಿ, ಆ ಬೆಳಕು ನೋಡುತ್ತ ಕುಳಿತು ಹೋಗುತ್ತಿದ್ದರು. ಬೀಗ ಹಾಕ್ರಿ ಸರ್, ಇಲ್ಲಿ ಎಲ್ಲ ಕಳ್ಳರೇ ಎಂದು ನಾನು ಗೋಗರೆದೆ. ಬೀಗವನ್ನು ಎರಡೆರಡು ಸಲ ಜಗ್ಗುವ ಆ ಮನುಷ್ಯ ಈ ಒಂದು ಬಾಗಿಲಿಗೆ ಬೀಗ ಹಾಕಲಿಲ್ಲ. ಕಳ್ಳರು ದೋಚಿದರು. ಇವರು ಮತ್ತೆ ಕಟ್ಟಿಗೆ ಕಡಿದರು.

ಚಳಿಗಾಲದಲ್ಲಿ ಅವರು ಹೋಗಿಬಿಟ್ಟರು, ಮಲಗಿದಲ್ಲೇ. ದುಃಖದಲ್ಲಿದ್ದವರನ್ನು ಮಾತಾಡಿಸಲು ಮಾನ್ವಿಗೆ ಹೋದಾಗ ಅವರ ಮನೆಯವರಿಗೆ ಇದೆಲ್ಲ ಹೇಳಿದೆ. ಮಗಳು ನಡುಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು.

"ಬಂದೂಕು ಹೊರಗಿಟ್ಟು ನಿಂತಿದ್ದು ಅಪ್ಪ ಏನ್ರೀ?"

ಹೌದು ಅಂದೆ. ಆಕೆಯ ಎಡಹುಬ್ಬು ಮೇಲೇರಿತು, ಥೇಟ್ ಮಾಸ್ತರದೇ.

"ನಿಮ್ಮ ಮಾತು ಹ್ಯಾಂಗ ನಂಬ್ಲಿ?"

ನಂಬಬೇಡಿ, ಎದುರು ದಂಡೆಗೆ ಹೋಗಿ ನೋಡಿ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಣ್ಣೀರು ತಡೆಯಲಾಗಲಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟವರ ಋಣ ನನ್ನ ಮೇಲಿತ್ತು. ಆಟದೊಳಗಿನ ಅವರ ಮನೆ ಬೀಳಬಾರದೆಂದು ರವಿವಾರದ ಕಟ್ಟಿಗೆಯನ್ನು ನಾನೇ ಹಾಕತೊಡಗಿದೆ.

ಹೀಗೇ ಒಂದು ರವಿವಾರ ಹೋದಾಗ, ಮಾಸ್ತರ ಮನೆಯ ಹೊಸ್ತಿಲಾಚೆ ಒಂದು ಬಂದೂಕು ಬಿದ್ದಿತ್ತು. ಅವರ ಶಿಷ್ಯನಲ್ಲವೇ, ಮೊದಲು ನನಗೆ ಅನುಮಾನವೇ ಬಂತು. ಮರದ ಮರೆಯಲ್ಲಿ ಕೂತು ಸುತ್ತೆಲ್ಲ ನೋಡಿದೆ. ಯಾರೂ ಇರಲಿಲ್ಲ. ಹತ್ತಿರ ಹೋಗಿ ಕಿಟಕಿಯಲ್ಲಿ ಇಣುಕಿದೆ. ಒಳಗೆ ಮನೆಯಲ್ಲಿ ಕರೆಯುವ ಆ ಹೆಸರಿನವಳು, ಮಾಸ್ತರ ಮಗಳು, ಪೆಟ್ಟಿಗೆಗೆ ಕಟ್ಟಿಗೆ ತುಂಬುತ್ತಿದ್ದಳು. ನಾನು ತಂದ ಹೊರೆಯನ್ನು ಬಂದೂಕಿನ ಪಕ್ಕದಲ್ಲಿ ಇಳಿಸಿ, ಒಳಗೆ ಹೋಗದೆ ತಿರುಗಿ ಬಂದೆ.