ರೋಹಿಣಕ್ಕನ ತಿರುಗುವ ಕುರ್ಚಿ

ಹೊಳನಗದ್ದೆಯ ರೋಹಿಣಕ್ಕನಿಗೆ ಹೊಸ ಸಾಮಾನೆಂದರೆ ಅನುಮಾನ. ದುಬೈಯಲ್ಲಿರುವ ಭಟ್ಕಳದವರು ಯಾರೋ ಊರಮನೆಯ ಸಾಮಾನು ಬದಲಿಸಿದರಂತೆ ಎಂದು ಕಿವಿಗೆ ಬಿದ್ದರೆ ಸಾಕು, ಬಸ್ಸು ಹತ್ತಿ ಅಲ್ಲಿನ ಹಳೇ ಸಾಮಾನಿನ ಅಂಗಡಿ ಸೇರುತ್ತಾಳೆ. ಹಾಗೆ ಬಂದ ಕೊಕ್ಕಿಲ್ಲದ ಪಿಂಗಾಣಿ ಹಂಸ ಫ್ರಿಜ್ಜಿನ ಮೇಲಿದೆ. ಒಂಟೆಗಳ ದೊಡ್ಡ ಚಿತ್ರ ಇಡಗುಂಜಿ ಗಣಪತಿಯ ಪಕ್ಕದಲ್ಲೇ ನೇತಾಡುತ್ತಿದೆ. "ಇದರಿಂದ ಎಂತ ಉಪಯೋಗ?" ಎಂದು ಗಂಡ ಉದಯಣ್ಣ ಕೇಳಿದರೆ, "ಉಪಯೋಗ ನೋಡಿ ಇಟ್ಟುಕೊಳ್ಳುವುದಾದರೆ ನೀವೂ ಹೊರಗೇ" ಎನ್ನುತ್ತಾಳೆ. ಬಾಯಿಯ ಆಸೆಯೂ ಅವಳಿಗೆ ತಿಂಗಳಿಗೊಂದು. ಈ ತಿಂಗಳದ್ದು ಬಾಳೆಹಣ್ಣು ಕಲಸಿ ಕರಿಯುವ ಬನ್ಸು. "ನಿನ್ನೆಯೂ ಮಾಡಿದ್ಯಲ್ಲಾ ಅಕ್ಕಾ?" ಅಂದೆ ಪಕ್ಕದ ಮನೆಯ ನಾನು. "ಇಪ್ಪತ್ತೆಂಟು ವರ್ಷದಿಂದ ಮಾಡಿದ್ದೇ ಮಾಡಿದ್ದು. ಉಬ್ಬಿದ ಬನ್ಸು ಕಣ್ಣಲ್ಲಿ ನೋಡಿದ್ದಷ್ಟೇ ಬಂತು. ಎಲ್ಲರಿಗೂ ಬಡಿಸಿ ನಾನು ಕೂರುವಷ್ಟರಲ್ಲಿ ಅದು ತಣ್ಣಗಾಗಿ ಚಪ್ಪಟೆ" ಎಂದಳು. ಕಳೆದ ವಾರ ಭಟ್ಕಳದಿಂದ ಉದ್ದ ಕಾಲಿನ, ಗಿರಗಿರ ತಿರುಗುವ ಕುರ್ಚಿಯೊಂದು ಬಂತು. ಜಗಲಿಯಲ್ಲಿ ಮೆರೆಸುತ್ತಾಳೆ ಅಂದುಕೊಂಡರೆ, ಸೀದಾ ಒಯ್ದು ಗ್ಯಾಸ್ ಒಲೆಯ ಮುಂದಿಟ್ಟಳು. ಈಗ ಬಾಣಲೆಯಿಂದ ಎದ್ದ ಮೊದಲ ಬನ್ಸು ಅವಳದೇ. ಊಟದ ಮೇಜಿನಿಂದ ಖಾಲಿ ತಟ್ಟೆಯ ಸದ್ದು ಕೇಳಿದರೆ, ಕುರ್ಚಿಯನ್ನು ಅರ್ಧ ತಿರುಗಿಸಿ, ಬಿಸಿ ಬನ್ಸು ತುಂಬಿದ ಬಾಯಲ್ಲೇ ಕೂಗುತ್ತಾಳೆ: "ತಡೀರಿ, ದೇವಿಯ ನೈವೇದ್ಯ ಇನ್ನೂ ಆಯ್ಲಿಲ್ಲ!"