ಹೊಸ್ತಿಲಿನ ಹೂವು, ಹತ್ತಿರದಿಂದ

ನನ್ನ ಫೋನಿನಲ್ಲಿರುವ ಚಿತ್ರಗಳಲ್ಲಿ ಹೆಚ್ಚಿನವು ಬಟ್ಟೆಯವು. ಮನುಷ್ಯರ ಮುಖಗಳು ಕಡಿಮೆ. ಕಾಪುವಿನ ಮನೆಯ ಚಾವಡಿಯಲ್ಲೇ ಮೆಷಿನ್ ಇಟ್ಟುಕೊಂಡು ನಾನು ರವಿಕೆ ಹೊಲಿಯುತ್ತೇನೆ. ಹಸಿರು ಬಟ್ಟೆಗೆ ಹಸಿರು ನೂಲು ಎಂದರೆ ಸಾಕಾಗುವುದಿಲ್ಲ. ಎಳೆ ಬಾಳೆ ಎಲೆಯ ಹಸಿರೋ, ಗಿಳಿಯ ಹಸಿರೋ ಎಂದು ನೋಡಿ ತರಬೇಕು. ಮೊದಲೆಲ್ಲ ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿಕೊಂಡು ಬಸ್ಸು ಹತ್ತಿ ಉಡುಪಿಗೆ ಹೋಗುತ್ತಿದ್ದೆ. ಆ ಓಡಾಟ ತಪ್ಪಲಿ ಎಂದೇ ನನ್ನ ಗಂಡ ನನಗೆ ಒಳ್ಳೆಯ ಕ್ಯಾಮೆರಾ ಇರುವ ಫೋನು ತಂದುಕೊಟ್ಟದ್ದು. ಬಟ್ಟೆಯ ಫೋಟೋ ತೆಗೆದು ನೂಲಿನ ಅಂಗಡಿಗೆ ಕಳುಹಿಸಿದರೆ ಅವರು ಬಣ್ಣ ಹೊಂದಿಸಿ ಬಸ್ಸಿನಲ್ಲಿ ಕೊಟ್ಟುಬಿಡುತ್ತಾರೆ.

ಫೋಟೋ ತೆಗೆಯಲು ಕಲಿಸಿದವರೂ ನನ್ನ ಗಂಡನೇ. ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡ, ಬಣ್ಣ ಸುಳ್ಳು ಹೇಳುತ್ತದೆ. ಬಿಸಿಲಿನಲ್ಲಿ ತೆಗೆದರೆ ಬಿಳುಚುತ್ತದೆ. ಬಿಸಿಲಿಗೆ ಬೆನ್ನು ಹಾಕಿ ನಿನ್ನ ನೆರಳು ಬಟ್ಟೆಯ ಮೇಲೆ ಬೀಳುವ ಹಾಗೆ ನಿಲ್ಲು. ಫೋನನ್ನು ಹತ್ತಿರ ಹತ್ತಿರ ತೆಗೆದುಕೊಂಡು ಹೋಗು, ಎಲ್ಲ ಮಸುಕಾಗುತ್ತದಲ್ಲ, ಅಲ್ಲಿಂದ ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಬಾ. ಉಸಿರು ಹಿಡಿ. ಈಗ ಒತ್ತು. ಹಾಗೆ ತೆಗೆದರೆ ನೇಯ್ಗೆಯ ಅಡ್ಡ ಎಳೆ, ಉದ್ದ ಎಳೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಮಲ್ಪೆಯಿಂದ ಕಾರ್ಕಳದ ಕಡೆಗೆ ಮೀನಿನ ಟೆಂಪೋ ಬಿಡುತ್ತಿದ್ದ ಮನುಷ್ಯನಿಗೆ ಇದೆಲ್ಲ ಯಾರು ಹೇಳಿಕೊಟ್ಟರೋ, ನಾನು ಕೇಳಲಿಲ್ಲ.

ಅವರು ಹೋಗಿ ಎರಡನೆಯ ಸೋಣ ತಿಂಗಳು ಇದು.

ಸೋಣದಲ್ಲಿ, ಎಂದರೆ ಮಳೆಗಾಲದ ಸಿಂಹ ಮಾಸದಲ್ಲಿ, ನಮ್ಮ ಕಡೆ ಹೊಸ್ತಿಲಿಗೆ ಪೂಜೆ. ತಿಂಗಳು ಪೂರ್ತಿ, ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಮಣ್ಣಿನಿಂದ ಬಿಳಿಯ ಗೆರೆ ಎಳೆದು, ಎರಡು ಬದಿಗೂ ಹೂವಿನ ಗೊಂಚಲು ಇಟ್ಟು ಆರತಿ ಎತ್ತಬೇಕು. ಶಂಕರಪುರದ ಮಲ್ಲಿಗೆ ಎಷ್ಟು ಹೆಸರುವಾಸಿಯಾದರೂ ಈ ಹೊಸ್ತಿಲಿಗೆ ನಡೆಯುವುದಿಲ್ಲ. ಮಳೆಗೆ ತಾನಾಗಿ ಹುಟ್ಟಿದ ಹೂವೇ ಆಗಬೇಕು. ತುಂಬೆ, ಸೋಣೆ ಹೂವು, ಗರಿಕೆಯ ಕುಡಿ, ಹೆಸರು ಗೊತ್ತಿಲ್ಲದ ನೀಲಿ ಚುಕ್ಕೆಗಳು. ಕೈ ಮೈ ತೊಳೆದು ಇದನ್ನು ಮಾಡುವವಳು ಮನೆಯ ಮುತ್ತೈದೆ.

ನಾನು ಮದುವೆಯಾಗಿ ಬಂದಾಗ ಇದನ್ನು ಅತ್ತೆ ಮಾಡುತ್ತಿದ್ದರು. ಮಾವ ತೀರಿಕೊಂಡ ಮೇಲಿನ ಸೋಣದಲ್ಲಿ ಒಂದು ಬೆಳಿಗ್ಗೆ ನಾನು ಕೋಣೆಯ ಬಾಗಿಲು ತೆರೆದರೆ, ಅತ್ತೆಯ ಹೂವಿನ ಬುಟ್ಟಿ ನನ್ನ ಬಾಗಿಲಿನ ಎದುರು ಇತ್ತು. ನಾನು ಏನೂ ಕೇಳದೆ ಬುಟ್ಟಿ ಎತ್ತಿಕೊಂಡೆ. ಅಲ್ಲಿಂದ ಅದು ನನ್ನ ಕೆಲಸವಾಯಿತು.

ಊರಿನ ಸುತ್ತ ಗದ್ದೆಗಳು ಸೈಟುಗಳಾಗುತ್ತ ಬಂದ ಹಾಗೆ ಹೂವು ಹುಡುಕಿಕೊಂಡು ದೂರ ಹೋಗಬೇಕಾಯಿತು. ಭಾನುವಾರ ಗಂಡ ಹಳೆಯ ಓಮ್ನಿಯಲ್ಲಿ ಶಿರ್ವದ ಆಚೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನು "ಅಲ್ಲಿ ಉಂಟು, ನಿಲ್ಲಿಸಿ" ಎನ್ನುವುದು, ಅವರು ಸ್ವಲ್ಪ ಮುಂದೆ ಹೋಗಿ ನಿಲ್ಲಿಸುವುದು, ನಾನು ಹಿಂದಕ್ಕೆ ನಡೆಯುವುದು. ತಡವಾದರೆ ಹಾರ್ನ್.

"ಇನ್ನು ಪಂಚಾಯತಿನವರು ಕಳೆ ಕೀಳಲು ಜನ ಇಡುವುದು ಬೇಡ. ನೀನೊಬ್ಬಳು ಸಾಕು ಮಾರಾಯ್ತಿ" ಎನ್ನುತ್ತಿದ್ದರು.

ಆ ಮಾತು ಪ್ರತಿ ವರ್ಷವೂ ಬರುತ್ತಿತ್ತು. ಪ್ರತಿ ವರ್ಷವೂ ಅವರೊಬ್ಬರೇ ನಗುತ್ತಿದ್ದರು.

ಮಣಿಪಾಲದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಅವರು ತೀರಿಕೊಂಡರು. ಮೊದಲ ವರ್ಷ ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ಆದ್ದರಿಂದ ಆ ಸೋಣದಲ್ಲಿ ಹೊಸ್ತಿಲಿನ ವಿಷಯ ಯಾರ ಬಾಯಿಗೂ ಬರಲಿಲ್ಲ. ಈ ವರ್ಷ ವರ್ಷಾಂತಿಕ ಮುಗಿದಿತ್ತು. ಸೋಣ ಸಂಕ್ರಮಣದ ದಿನ ಬೆಳಿಗ್ಗೆ ನಾನು ಹೊಸ್ತಿಲು ತೊಳೆದೆ. ತೊಳೆದು, ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತೆ. ಬುಟ್ಟಿಯನ್ನು ಇನ್ನು ಯಾರ ಬಾಗಿಲಿನ ಎದುರು ಇಡುವುದು? ನನ್ನ ಹಿಂದೆ ಸೊಸೆ ಇಲ್ಲ, ಮಗಳಿಲ್ಲ. ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ, ಇಬ್ಬರೂ ಕುಂಕುಮ ತೆಗೆದವರು. ಅತ್ತೆ ಒಳಗಿನಿಂದ ಬಂದರು. ಒದ್ದೆ ಹೊಸ್ತಿಲನ್ನು ನೋಡಿದರು, ನನ್ನನ್ನು ನೋಡಿದರು, ದಾಟಿ ಅಂಗಳಕ್ಕೆ ಹೋದರು.

ಆಮೇಲಿನ ದಿನಗಳಲ್ಲಿ ಹೊಸ್ತಿಲು ಖಾಲಿಯೇ ಇತ್ತು. ಹೂವಿಡಲು ನನಗೆ ಆಸೆ ಇತ್ತು. ಆದರೆ ಮಗನನ್ನು ಕಳೆದುಕೊಂಡ ಮುದುಕಿಯ ಎದುರು ಆ ಮಾತು ತೆಗೆಯುವ ಧೈರ್ಯ ಇರಲಿಲ್ಲ. ಬೇಡ ಎಂದರೆ ಮತ್ತೆ ಕೇಳುವ ಹಾಗಿಲ್ಲ. ಕೇಳದೆ ಇರುವವರೆಗೆ ಆಸೆಯಾದರೂ ಉಳಿಯುತ್ತದೆ ಎಂದುಕೊಂಡಿದ್ದೆ.

ಬನ್ನಂಜೆಯಲ್ಲಿರುವ ನನ್ನ ನಾದಿನಿ ಭಾನುವಾರಗಳಲ್ಲಿ ಬರುತ್ತಾಳೆ. ತಾಯಿಯನ್ನು ನೋಡಿದ ಹಾಗೂ ಆಯಿತು, ಅಣ್ಣನ ಓಮ್ನಿಯನ್ನು ಸ್ಟಾರ್ಟ್ ಮಾಡಿದ ಹಾಗೂ ಆಯಿತು. ಬಿಟ್ಟರೆ ಬ್ಯಾಟರಿ ಸಾಯುತ್ತದೆ ಎನ್ನುತ್ತಾಳೆ. ಅವಳಿಗೆ ಕಾರು ಕಲಿಸಿದ್ದು ಅವಳ ಅಣ್ಣನೇ. ಆ ಭಾನುವಾರ ಕಾರ್ಕಳದ ಒಂದು ಮದುವೆ ಮನೆಗೆ ನಾನು ಹೊಲಿದ ರವಿಕೆಗಳನ್ನು ಮುಟ್ಟಿಸಬೇಕಿತ್ತು. "ಬನ್ನಿ ಅತ್ತಿಗೆ, ಓಮ್ನಿಗೂ ಗಾಳಿ ಬೇಕು" ಎಂದಳು. ರವಿಕೆಗಳ ಕವರನ್ನು ಹಿಂದಿನ ಸೀಟಿನಲ್ಲಿ ಇಟ್ಟು ಹೊರಟೆವು.

ಮಳೆ ಬಂದು ನಿಂತು ಬಿಸಿಲು ಬಿದ್ದಿತ್ತು. ಶಿರ್ವ ದಾಟಿದ ಮೇಲೆ ರಸ್ತೆಯ ಬಲಕ್ಕೆ ಗುಡ್ಡ ಕಡಿದ ಕೆಂಪು ಕಲ್ಲಿನ ಬರೆ, ಅದರ ಬುಡದಲ್ಲಿ ನೀರು ಹರಿಯುವ ಸಣ್ಣ ತೋಡು. ಬರೆಯ ಉದ್ದಕ್ಕೂ ತಿಳಿಗುಲಾಬಿ ಬಣ್ಣ ಹರಡಿಕೊಂಡಿತ್ತು. ನನ್ನ ಬಾಯಿಂದ ತಾನಾಗಿ ಬಂತು:

"ಅಲ್ಲಿ ಉಂಟು, ನಿಲ್ಲಿಸು."

ಅವಳು ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದಳು. ಅಣ್ಣನ ಹಾಗೆಯೇ.

"ಎಂತ ಉಂಟು?"

"ಸೋಣೆ ಹೂವು."

ಅವಳು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ ನನ್ನನ್ನು ನೋಡಿದಳು. "ಫೋಟೋ ತೆಗೆಯುತ್ತೇನೆ" ಎಂದೆ. ಆ ಹೊತ್ತಿಗೆ ಹೊಳೆದ ನೆಪ ಅದು.

ಬಗ್ಗಿ ಕುಳಿತೆ. ಅಷ್ಟು ವರ್ಷ ಆ ಹೂವನ್ನು ಮುಷ್ಟಿಗಟ್ಟಲೆ ಕೊಯ್ದವಳು ನಾನು. ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಬಿಸಿಲಿಗೆ ಬೆನ್ನು ಹಾಕಿದೆ, ನನ್ನ ನೆರಳು ಹೂವಿನ ಮೇಲೆ ಬಿತ್ತು. ಹತ್ತಿರ ಹೋದೆ, ಮಸುಕಾಯಿತು. ಸ್ವಲ್ಪ ಹಿಂದಕ್ಕೆ ಬಂದೆ. ಹೂವಿನ ಹಿಂಬದಿಯಲ್ಲಿ ಒಂದು ಬಾಲ ಇತ್ತು, ಹೊಲಿಗೆ ಮುಗಿಸಿ ಕತ್ತರಿಸಲು ಮರೆತ ನೂಲಿನ ತುದಿಯಂತೆ ಬಾಗಿದ್ದು. ಗಂಟಲಿನ ಹತ್ತಿರ ಬಣ್ಣ ಗಾಢವಾಗಿತ್ತು, ಅಲ್ಲೊಂದು ಮಳೆಹನಿ. ಲಾರಿಯೊಂದು ಹೋಯಿತು, ಗಿಡವೆಲ್ಲ ಅಲ್ಲಾಡಿತು. ನಿಲ್ಲುವವರೆಗೆ ಕಾದೆ. ಉಸಿರು ಹಿಡಿದು ಒತ್ತಿದೆ.

ಪಕ್ಕದಲ್ಲಿ ತುಂಬೆ. ದೂರಕ್ಕೆ ಬರೀ ಬಿಳಿ. ಹತ್ತಿರದಿಂದ ನೋಡಿದರೆ ಅದರ ಮೇಲ್ದುಟಿಯ ತುಂಬ ಸಣ್ಣ ರೋಮ, ಚಳಿಗೆ ಟೊಪ್ಪಿ ಹಾಕಿದ ಮಗುವಿನ ತಲೆಯಂತೆ. ಮೇಲೆ ನೆಕ್ಕರೆಯ ಗಿಡ. ಅದರ ನೇರಳೆ ಹೂವಿನ ನಡುವೆ ಕೇಸರಗಳು ರವಿಕೆಯ ಹುಕ್ಕಿನ ಹಾಗೆಯೇ ಬಾಗಿದ್ದವು. ನಾಚಿಕೆ ಮುಳ್ಳಿನ ಹೂವಂತೂ ಸೀರೆಗೆ ಕಟ್ಟುವ ಕುಚ್ಚು. ಎಳೆಯ ತುದಿಯೊಂದೊಂದರಲ್ಲೂ ಒಂದೊಂದು ಚುಕ್ಕೆ. ಇಷ್ಟು ಸಣ್ಣ ಕೆಲಸವನ್ನು ಯಾರೂ ನೋಡದ ಕಡೆ ಯಾರು ಯಾಕೆ ಮಾಡಿಟ್ಟಿದ್ದಾರೋ ಎಂದುಕೊಂಡೆ. ರವಿಕೆಯ ಒಳಬದಿಯ ಹೊಲಿಗೆಯನ್ನೂ ನಾನು ಚೊಕ್ಕವಾಗಿಯೇ ಹೊಲಿಯುತ್ತೇನೆ. ಅದನ್ನೂ ಯಾರೂ ನೋಡುವುದಿಲ್ಲ. ನನ್ನ ಗಂಡ ಮಾತ್ರ ಒಮ್ಮೊಮ್ಮೆ ತಿರುಗಿಸಿ ನೋಡಿ, ಮಡಚಿ ಇಡುತ್ತಿದ್ದರು.

ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿದರು.

"ಎಂತ ಅಕ್ಕ, ಹಾವು ಉಂಟಾ?"

"ಇಲ್ಲ ಮಾರಾಯ್ರೇ, ಹೂವಿನ ಫೋಟೋ" ಎಂದಳು ನಾದಿನಿ.

"ಇದರದ್ದಾ? ಇದನ್ನು ನಮ್ಮ ದನ ಕೂಡ ತಿನ್ನುವುದಿಲ್ಲ."

"ಹಾಗಾಗಿಯೇ ನಮಗೆ ಉಳಿದದ್ದು, ಅಲ್ವಾ?"

ಅವರು ನಕ್ಕು, "ತೆಗೆಯಿರಿ, ತೆಗೆಯಿರಿ. ಹಾವೂ ಇರ್ತದೆ, ಕಾಲು ನೋಡಿಕೊಂಡು" ಎಂದು ಹೋದರು. ನಾದಿನಿ ನನ್ನ ಕಡೆ ತಿರುಗಿದಳು. ಅವಳು ನೋಡುತ್ತಿದ್ದದ್ದು ನನ್ನ ಸೆರಗನ್ನು.

ನಾನೂ ನೋಡಿದೆ. ಫೋನು ಎಡಗೈಯಲ್ಲಿತ್ತು. ಬಲಗೈ ಅದರಷ್ಟಕ್ಕೆ ಹಳೆಯ ಕೆಲಸ ಮಾಡಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜೋಳಿಗೆ ಮಾಡಿಕೊಂಡಿದ್ದೆ. ಅದರೊಳಗೆ ಸೋಣೆ ಹೂವು, ತುಂಬೆ, ಗರಿಕೆ, ಎರಡು ಬದಿಗೆ ಬೇಕಾಗುವಷ್ಟು. ಯಾವಾಗ ಕೊಯ್ದೆನೋ ಗೊತ್ತಿಲ್ಲ. ಈಗಲೂ ಬೆರಳುಗಳ ನಡುವೆ ಒಂದು ದಂಟು ಇತ್ತು, ಅರ್ಧ ಮುರಿದದ್ದು.

ಇಷ್ಟು ತಡವಾದರೂ ಹಾರ್ನ್ ಕೇಳಲಿಲ್ಲವಲ್ಲ ಎನಿಸಿತು. ಆಮೇಲೆ ಕಣ್ಣೀರು ಬಂತು. ಆಸ್ಪತ್ರೆಯಲ್ಲೂ ನಾನು ಅಷ್ಟು ಅತ್ತಿರಲಿಲ್ಲ.

ನಾದಿನಿ ಬಂದು ಪಕ್ಕದಲ್ಲಿ ಕುಳಿತಳು. ತೋಡಿಗೆ ಸುರಿಯಲು ಸೆರಗು ಬಿಚ್ಚಿದೆ. ಅವಳು ಕೈ ಹಿಡಿದಳು. "ಬಿಸಾಡಬೇಡಿ ಅತ್ತಿಗೆ. ಕೊಯ್ದು ಆಗಿದೆ."

"ಕೊಂಡುಹೋಗಿ ಎಂತ ಮಾಡುವುದು? ಅತ್ತೆ ನೋಡಿದರೆ?"

"ನೋಡಿದರೆ ನೋಡಲಿ. ಈಗ ಅಲ್ಲಾಡಬೇಡಿ." ನನ್ನ ಕೈಯಿಂದ ಫೋನು ತೆಗೆದುಕೊಂಡು, ಸೆರಗಿನಲ್ಲಿದ್ದ ಹೂವಿನ ಹತ್ತಿರಕ್ಕೆ ಬಗ್ಗಿ ಅವಳೂ ಒಂದು ಚಿತ್ರ ತೆಗೆದಳು. ಅವಳಿಗೆ ಉಸಿರು ಹಿಡಿಯಲು ಬರುವುದಿಲ್ಲ. ಸ್ವಲ್ಪ ಅಲ್ಲಾಡಿದೆ.

ಹೂವನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟೆವು. ಕಾರ್ಕಳದಲ್ಲಿ ರವಿಕೆ ಕೊಟ್ಟೆವು. ಒಂದರ ತೋಳು ಬಿಗಿ ಎಂದರು, ಅಲ್ಲೇ ಕುಳಿತು ಬಿಚ್ಚಿ ಸಡಿಲ ಮಾಡಿದೆ. ಹೂವು ಕಾರಿನಲ್ಲೇ ಇರಲಿ, ಅತ್ತೆಗೆ ಫೋಟೋ ಮಾತ್ರ ತೋರಿಸುವುದು ಎಂದು ಬರುವಾಗ ನಿಶ್ಚಯ ಮಾಡಿಕೊಂಡೆವು.

ಅತ್ತೆ ಚಾವಡಿಯಲ್ಲಿ ಕುಳಿತಿದ್ದರು. ನಾದಿನಿ ಫೋನು ಅವರ ಕೈಗೆ ಕೊಟ್ಟಳು.

"ಎಂತ ಇದು, ಹೆಬ್ಬಾವಿನ ಬಾಯಿಯಾ?"

"ಅಮ್ಮಾ, ಸೋಣೆ ಹೂವು ಅದು. ಹತ್ತಿರದಿಂದ."

ಅತ್ತೆ ಕನ್ನಡಕ ತಂದರು. ಬೆರಳಿನಿಂದ ಒಂದೊಂದೇ ಚಿತ್ರ ಸರಿಸಿದರು. ತುಂಬೆಯ ಚಿತ್ರಕ್ಕೆ ಬಂದಾಗ ಬೆರಳು ಬಹಳ ಹೊತ್ತು ನಿಂತಿತು. "ಇದಕ್ಕೆ ಕೂದಲು ಉಂಟಲ್ಲ! ಇಷ್ಟು ವರ್ಷ ಇಟ್ಟೆ, ನನಗೆ ಗೊತ್ತೇ ಇಲ್ಲ" ಎಂದರು. ನಾನು ಹಗುರವಾದೆ. ಆಮೇಲೆ ಅವರ ಬೆರಳು ಕೊನೆಯ ಚಿತ್ರಕ್ಕೆ ಬಂತು. ಅಲ್ಲಾಡಿದ ಚಿತ್ರ. ಆದರೂ ಸೆರಗು ಗೊತ್ತಾಗುತ್ತಿತ್ತು, ಅದರೊಳಗಿನ ರಾಶಿಯೂ ಗೊತ್ತಾಗುತ್ತಿತ್ತು. ಅದನ್ನು ಅಳಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆ ಕನ್ನಡಕ ತೆಗೆದರು. "ಕೊಯ್ದದ್ದು ಎಲ್ಲಿ ಉಂಟು?"

ನಾದಿನಿ ಹೋಗಿ ಕರ್ಚೀಫಿನ ಗಂಟು ತಂದಿಟ್ಟಳು. ಅತ್ತೆ ಬಿಚ್ಚಿ, ಗರಿಕೆ ಒಂದು ಕಡೆ, ತುಂಬೆ ಒಂದು ಕಡೆ ಮಾಡತೊಡಗಿದರು. ಕೈ ಕೆಲಸ ಮಾಡುತ್ತಿರುವಾಗಲೇ ಮಾತು ಬಂತು.

"ನಿನ್ನ ಮಾವ ಹೋದ ಮೇಲೆ ಹೂವಿಡುವುದು ಬಿಡು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೇ ಬಿಟ್ಟೆ. ಯಾರಾದರೂ ಹೇಳುವ ಮೊದಲೇ ಬಿಟ್ಟರೆ ಮರ್ಯಾದೆ ಅಂತ. ಆಮೇಲೆ ಬೆಳಿಗ್ಗೆ ಎದ್ದರೆ ಕೈಗೆ ಕೆಲಸವೇ ಇರುತ್ತಿರಲಿಲ್ಲ. ನೀನು ಇಡುವುದನ್ನು ಒಳಗಿನಿಂದ ನೋಡುತ್ತಿದ್ದೆ. ಗೊಂಚಲು ಬಲಕ್ಕೆ ಸ್ವಲ್ಪ ವಾಲಿಸಿ ಇಡುತ್ತಿ ನೀನು. ಹೇಳಬೇಕು ಅನಿಸುತ್ತಿತ್ತು."

"ಹೇಳಬಹುದಿತ್ತಲ್ಲ ಅತ್ತೆ."

"ಹೇಗೆ ಹೇಳುವುದು?" ಎಂದರು. ಗರಿಕೆಯ ಕುಡಿ ಚಿವುಟುತ್ತ, "ಸಂಕ್ರಮಣದ ದಿನ ನೀನು ತೊಳೆದು ಕುಳಿತೆಯಲ್ಲ, ಇಡುತ್ತಿ ಅಂತ ಅಂಗಳದಲ್ಲಿ ಕಾದೆ. ತಿರುಗಿ ಬಂದರೆ ಖಾಲಿ. ನಿನಗೆ ಬೇಡ ಅಂತ ಅಂದುಕೊಂಡೆ" ಎಂದರು.

ಮರುದಿನ ಬೆಳಿಗ್ಗೆ ನಾನು ಹೊಸ್ತಿಲು ತೊಳೆದೆ. ಅತ್ತೆ ಶೇಡಿ ಕದಡಿ ಗೆರೆ ಎಳೆದರು. ರೂಢಿ ತಪ್ಪಿತ್ತು, ಗೆರೆ ನೇರವಾಗಲಿಲ್ಲ. ಅವರು ಬಲಗಡೆ, ನಾನು ಎಡಗಡೆ ಕುಳಿತು ಗೊಂಚಲು ಇಟ್ಟೆವು. ಆರತಿ ಎತ್ತಲಿಲ್ಲ. ಹೂವು ರಾತ್ರಿಯಲ್ಲಿ ಬಾಡಿತ್ತು, ಸೋಣೆಯ ಎಸಳುಗಳು ನೀರಿನಂತೆ ತೆಳ್ಳಗಾಗಿದ್ದವು. ತುಂಬೆ ಮಾತ್ರ ಸ್ವಲ್ಪ ಜೀವ ಹಿಡಿದಿತ್ತು.

ಅತ್ತೆ ಕಂಬ ಹಿಡಿದು ಎದ್ದು ನೋಡಿದರು. "ನಾಳೆಗೆ ಹೊಸತು ತಾ. ಬೇಗ ಹೋಗು, ಬಿಸಿಲು ಬಂದರೆ ಬಾಡ್ತದೆ" ಎಂದರು. ಒಳಗೆ ಹೋಗುತ್ತ, "ಫೋಟೋವೂ ತೆಗೆ. ಆ ನೀಲಿ ಚುಕ್ಕೆ ಹೂವನ್ನು ಹತ್ತಿರದಿಂದ ನಾನು ನೋಡಿಲ್ಲ" ಎಂದರು.

ಓಮ್ನಿ ಬಿಡಲು ನನಗೆ ಬರುವುದಿಲ್ಲ. ಮರುದಿನ ಶಿರ್ವದ ಮೊದಲ ಬಸ್ಸಿಗೆ ಹೋದೆ. ಬುಟ್ಟಿ ತೋಳಿನಲ್ಲಿ, ಫೋನು ಕೈಯಲ್ಲಿ. ನೀಲಿ ಚುಕ್ಕೆ ಹುಲ್ಲಿನ ನಡುವೆ ಇತ್ತು. ಕೊಯ್ಯುವ ಮೊದಲು ಬಗ್ಗಿದೆ. ಹತ್ತಿರ ಹೋದೆ, ಮಸುಕಾಯಿತು. ಸ್ವಲ್ಪ ಹಿಂದಕ್ಕೆ ಬಂದು, ಗಾಳಿ ನಿಲ್ಲಲಿ ಎಂದು ಕಾದೆ.